28 ಅಡಿ ಬೋಟು, 42 ಅಡಿ ಬೋಟು, ಮಧ್ಯೆ ನಾನು

ನಮ್ಮ ದೊಡ್ಡಪ್ಪನ ಮಗ ಗೋವಾದಲ್ಲಿ ಹಾಯಿ ಬೋಟ್ ಮೇಲೆ ಕೆಲಸ ಮಾಡ್ತಾನೆ. ಹೋದ ಜನವರಿಲಿ ಫೋನ್ ಮಾಡಿ, ನಾಳೆ ಕಾರವಾರದ ಬೈತಖೋಲ ಬಂದರಿಗೆ ಬರ್ತಿದೀವಿ, ಎರಡು ಬೋಟು, ಕೊಚ್ಚಿಗೆ ಹೋಗೋವು, ಒಂದಿನ ನಿಲ್ತೀವಿ, ಬಂದ್ರೆ ಹತ್ತಿಸ್ಕೋತೀನಿ ಅಂದ. ಹುಟ್ಟಿ ಬೆಳೆದದ್ದೆಲ್ಲ ಕಾರವಾರ, ಪಾತಿ ದೋಣಿ ಹತ್ತಿದೀನಿ, ದೊಡ್ಡ ಬಲೆಯ ಪರ್ಸೀನ್ ಮೀನು ಬೋಟಲ್ಲಿ ರಾತ್ರಿ ಕಳೆದಿದೀನಿ, ಆದ್ರೆ ಬರೀ ಗಾಳಿ ನಂಬ್ಕೊಂಡು ಹೋಗೋ ಬೋಟ್ ಒಳಗೆ ಕಾಲಿಟ್ಟಿದ್ದೇ ಇಲ್ಲ. ರಜೆ ಹಾಕ್ದೆ. ಅಮ್ಮ ಕೇಳಿದ್ದು ಒಂದೇ, ಲೈಫ್ ಜಾಕೆಟ್ ಇದ್ಯಾ ಅಂತ. 2019ರಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರೋ ದೋಣಿ ಮಗುಚಿದ ಮೇಲೆ ನಮ್ಮ ಕಡೆ ಎಲ್ಲ ಅಮ್ಮಂದಿರೂ ಅದನ್ನೇ ಕೇಳೋದು.

ಮಾವ ತನ್ನ ದೋಣಿಲಿ ಬಿಡೋಕೆ ಬಂದ. 42 ಅಡಿದು ಗಂಡ ಹೆಂಡ್ತಿದು, ನಮ್ಮಣ್ಣ ಇರೋದು ಅದರಲ್ಲಿ. 28 ಅಡಿದ್ರಲ್ಲಿ ರಿಟೈರ್ ಆದ ಅಂಕಲ್ ಒಬ್ರೇ. ಮಾವ ದೊಡ್ಡದನ್ನ ನೋಡಿ, ಇದಾ ದೊಡ್ಡದು, ನಮ್ಮ ಪರ್ಸೀನ್ ಬೋಟು ಇದಕ್ಕಿಂತ ಉದ್ದ ಅದ್ಯಲ್ಲೋ ಅಂದ. ಆಮೇಲೆ ಅಡಿಯಲ್ಲಿ ಟನ್‌ಗಟ್ಲೆ ಸೀಸ ಕಟ್ಕೊಂಡಿದಾವೆ ಅಂತ ಗೊತ್ತಾಗಿ, ಮುಳುಗಬಾರ್ದು ಅಂತ ಭಾರ ಕಟ್ಕೊಳ್ಳೋದು ನಾ ಇವತ್ತೇ ಕೇಳಿದ್ದು ಅಂತ ನಕ್ಕೊಂಡು ಹೋದ. ಸೀಸ ಇರೋದು ಗಾಳಿಗೆ ಮಗುಚ್ಕೊಳ್ದೆ ನೆಟ್ಟಗೆ ಏಳಲಿ ಅಂತ, ಅದನ್ನ ಹೇಳೋದ್ರೊಳಗೆ ಮಾವ ಅರ್ಧ ದಾರಿ ದಾಟಿದ್ದ.

ಬೆಳಿಗ್ಗೆ ನಾನು ದೊಡ್ಡದ್ರಲ್ಲಿ. ಒಳಗೆ ಇಳಿದ್ರೆ ಮನೆ ಮಾರಾಯ್ರೆ! ಎದ್ದು ನಿಂತ್ಕೋಬಹುದು, ಫ್ರಿಜ್ಜು, ಎರಡು ಬೆಡ್‌ರೂಮು, ಎರಡು ಟಾಯ್ಲೆಟ್. ಕಾರವಾರದಲ್ಲಿ ನಾವಿರೋ ಬಾಡಿಗೆ ಮನೆಲೂ ಎರಡಿಲ್ಲ. ಮನಸ್ಸಲ್ಲೇ ಇದನ್ನ ಖರೀದಿ ಮಾಡಿ ಮುಗಿಸಿದ್ದೆ, ಅಷ್ಟೊತ್ತಿಗೆ ಲಂಗರು ಎತ್ತೋ ವಿಂಡ್ಲಾಸ್ ಮೋಟರ್ ಗರ್ ಅಂದು ನಿಂತೇಹೋಯ್ತು. ಸ್ವಿಚ್ ಹತ್ತು ಸಲ ಒತ್ತಿದ್ರೂ ಇಲ್ಲ. ಲಂಗರೇ 25 ಕೆಜಿ, ಜೊತೆಗೆ 30 ಮೀಟರ್ ಚೈನು, ಅದೂ ಮೀಟರಿಗೆ ಎರಡು ಕೆಜಿ ಮೇಲೆ. ಮೂರು ಜನ ಸಾಲಲ್ಲಿ ಕೂತು ರಾಂಪಣಿ ಬಲೆ ಎಳೆದ ಹಾಗೆ ಎಳೆದ್ವಿ, ಅಂಗೈ ಸಿಪ್ಪೆ ಎದ್ದೋಯ್ತು. ಪಕ್ಕದಲ್ಲಿ ಅಂಕಲ್ ಒಬ್ರೇ, ಅರವತ್ತು ದಾಟಿದ ಮನುಷ್ಯ, ಕೈಯಲ್ಲೇ ತಮ್ಮ ಲಂಗರು ಎಳ್ಕೊಂಡು, ಬಕೆಟಲ್ಲಿ ನೀರು ಮೊಗೆದು ಕೆಸರು ತೊಳ್ಕೊಂಡು, ಹಾಯಿ ಬಿಚ್ಚಿ ಹೋಗೇಬಿಟ್ರು.

ಅಣ್ಣ ಆಗ ಒಂದು ಲೆಕ್ಕ ಹೇಳಿದ. 28ರಿಂದ 42 ಅಂದ್ರೆ ಉದ್ದ ಒಂದೂವರೆ ಪಟ್ಟು ಅಷ್ಟೇ, ಆದ್ರೆ ಅಗಲ ಆಳ ಎಲ್ಲ ಸೇರಿ ತೂಕ ಮೂರು ಪಟ್ಟಿಗಿಂತ ಜಾಸ್ತಿ, ಚಿಕ್ಕದು ಮೂರೂವರೆ ಟನ್ ಇದ್ರೆ ಇದು ಹನ್ನೊಂದರ ಹತ್ರ, ಖರ್ಚೂ ತೂಕದ ಹಿಂದೇನೇ ಹೋಗೋದು, ಉದ್ದದ ಹಿಂದಲ್ಲ. ಹಗ್ಗ ದಪ್ಪ, ಹಾಯಿ ದೊಡ್ಡದು, ತಳಕ್ಕೆ ಪೇಂಟ್ ಜಾಸ್ತಿ, ಎಲ್ಲದಕ್ಕೂ ಮೋಟರು, ಮೋಟರಿಗೆ ಬ್ಯಾಟರಿ. ಸ್ಪೀಡಾದ್ರೂ ಡಬಲ್ಲಾ ಅಂದ್ರೆ ಅದೂ ಇಲ್ಲ. ನೀರಿಗೆ ತಾಗೋ ಉದ್ದದ ವರ್ಗಮೂಲಕ್ಕೆ ತಕ್ಕ ಹಾಗೆ ಸ್ಪೀಡಂತೆ, ಚಿಕ್ಕದ್ದು ಹೆಚ್ಚಂದ್ರೆ 6.4 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ), ದೊಡ್ಡದ್ದು 8. ಕೊಚ್ಚಿ ಇಲ್ಲಿಂದ 300 ನಾಟಿಕಲ್ ಮೈಲಿ ಮೇಲೆ, ಇವ್ರು ಎರಡು ದಿನಕ್ಕೆ ಮುಟ್ಟಿದ್ರೆ ಅಂಕಲ್ ಎರಡೂವರೆ ದಿನಕ್ಕೆ, ಅಷ್ಟೇ ವ್ಯತ್ಯಾಸ.

ಬೆಳಗಿನ ಮೂಡುಗಾಳಿ ಸತ್ತಹಾಗಿತ್ತು, ನಾವು ಇಂಜಿನ್ ಹಾಕಿದ್ವಿ. ಅಂಕಲ್ ಕಾಳಿ ನದಿ ಅಳಿವೆಲಿ ಮರಳ ದಿಬ್ಬ ದಾಟಿ ಸದಾಶಿವಗಡದ ಗುಡ್ಡದ ಬುಡದ ತನಕ ಹೋಗಿ ಬಂದ್ರು, ಅವರ ಬೋಟು ನೀರೊಳಗೆ ಇಳಿಯೋದು ನಾಲ್ಕೇ ಅಡಿ. ನಮ್ಮದು ಆರೂವರೆ, ಹೊರಗೇ ಸುತ್ತಾಡ್ತಾ ಕಾದ್ವಿ.

ಮಧ್ಯಾಹ್ನ ಕೂರ್ಮಗಡದ ಹತ್ರ ನಿಲ್ಸಿ ನಾನು ಚಿಕ್ಕದಕ್ಕೆ ಹಾರ್ದೆ. ಆಗ ವಾಯವ್ಯದ ಗಾಳಿ ಎದ್ದಿತ್ತು, ಹಾಗಾಗಿ ನಾನು ಮಾಡ್ತಿರೋ ಹೋಲಿಕೆ ನ್ಯಾಯವಾದ್ದಲ್ಲ, ಒಂದನ್ನ ಸಪ್ಪೆ ಗಾಳಿಲಿ ನೋಡಿದ್ದು, ಇನ್ನೊಂದನ್ನ ಜೋರು ಗಾಳಿಲಿ. ಅಂಕಲ್ ಚುಕ್ಕಾಣಿ ನನ್ ಕೈಗೆ ಕೊಟ್ರು. ದೊಡ್ಡದ್ರಲ್ಲಿ ಕಾರಿನ ಥರ ಸ್ಟೇರಿಂಗು, ಇದ್ರಲ್ಲಿ ಬರೀ ಮರದ ಕೋಲು, ಗಾಳಿ ಸ್ವಲ್ಪ ಏರಿದ್ರೂ ಕೋಲು ಕೈಯನ್ನ ಎಳೆಯುತ್ತೆ, ನೊಗಕ್ಕೆ ಕಟ್ಟಿದ ಹೋರಿ ಹಾಗೆ. ಹಾಯಿ ಹಗ್ಗ ಒಂದೇ ಕೈಲಿ ಹಿಡ್ಕೋಬಹುದಿತ್ತು. ದೊಡ್ಡದ್ರಲ್ಲಿ ಅದೇ ಹಗ್ಗ ವಿಂಚಿಗೆ, ಅಂದ್ರೆ ಹಗ್ಗ ಎಳೆಯೋ ರಾಟೆಗೆ, ಮೂರು ಸುತ್ತು ಸುತ್ತಿರ್ತಾರೆ, ಬೆರಳು ಸಿಕ್ರೆ ಹೋಯ್ತು. ಗಾಳಿಗೆ ಎದುರು ಸ್ವಲ್ಪ ದೂರ ಹೋಗೋಣ ಅಂದ್ರು, ಬೋಟು ಒಂದು ಕಡೆ ವಾಲಿ ಅಲೆ ಅಲೆಗೂ ಕುಪ್ಪಳಿಸ್ತಾ, ಉಪ್ಪು ನೀರು ಮುಖಕ್ಕೆ ಹೊಡೀತಾ ಹೊರಟ್ತು, ನಾನು ಕೂಗಾಡ್ತಿದ್ದೆ ಖುಷಿಗೆ, ಇಪ್ಪತ್ತೇ ನಿಮಿಷ. ಆಮೇಲೆ ಬೆಳಿಗ್ಗೆ ತಿಂದ ಬನ್ಸ್ ಪೂರ್ತಿ ಅರಬ್ಬೀ ಸಮುದ್ರಕ್ಕೆ. ಮೀನುಗಾರರ ಮನೆ ಹುಡ್ಗ ವಾಂತಿ ಮಾಡ್ಕೊಳ್ಳೋದು ಅಂದ್ರೆ! ಅದೇ ಹೊತ್ತಿಗೆ ದೊಡ್ಡ ಬೋಟು ಪಕ್ಕದಲ್ಲೇ ಅಲೆಗಳನ್ನ ಕುಯ್ಕೊಂಡು ಆರಾಮಾಗಿ ಮುಂದೆ ಹೋಯ್ತು, ಆ ಬೋಟಿನ ಯಜಮಾನಿ ಅಕ್ಕೋರು ಕೂತ್ಕೊಂಡು ಚಾ ಕುಡೀತಿದ್ರು.

ಇಷ್ಟು ಚಿಕ್ಕದ್ರಲ್ಲಿ ಹೆದ್ರಿಕೆ ಆಗಲ್ವಾ ಅಂತ ಕೇಳ್ದೆ. ಸುಹೈಲಿ ಅಂತ 32 ಅಡಿ ಬೋಟು, ನಮ್ಮ ಮುಂಬೈಲೇ ಕಟ್ಟಿದ್ದು, 1968-69ರಲ್ಲಿ ರಾಬಿನ್ ನಾಕ್ಸ್-ಜಾನ್ಸ್ಟನ್ ಅದ್ರಲ್ಲಿ ಒಬ್ರೇ, ಎಲ್ಲೂ ನಿಲ್ಲದೆ ಪ್ರಪಂಚ ಸುತ್ತಿದಾರೆ ಅಂದ್ರು. ಅದೇ ಮಾದರಿಲಿ ಗೋವಾದಲ್ಲಿ ಕಟ್ಟಿದ ತುರೀಯ ಅನ್ನೋ ಬೋಟು 2018ರಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಹಾಯಿ ಕಂಬ ಮುರಿದು, ಅದ್ರಲ್ಲಿ ಒಬ್ರೇ ಇದ್ದ ನೌಕಾಪಡೆಯ ಅಭಿಲಾಷ್ ಟಾಮಿ ಬೆನ್ನಿಗೆ ಪೆಟ್ಟಾಗಿದ್ದನ್ನೂ ಅವ್ರೇ ಹೇಳಿದ್ರು, ಮುಚ್ಚಿಡ್ಲಿಲ್ಲ. ಆ ಅಪಘಾತಕ್ಕಿಂತ ಮುಂಚೆ ನಮ್ಮ ನೌಕಾಪಡೆಯ ಆರು ಹೆಣ್ಮಕ್ಕಳು 56 ಅಡಿ ತಾರಿಣೀಲಿ ಸುತ್ತಿ ಬಂದಿದ್ರು. ಆರು ಜನ ಇದ್ರೆ 56, ಒಬ್ನೇ ಇದ್ರೆ ನನ್ನ ಕೈಗೆ ಎಷ್ಟು ಆಗುತ್ತೋ ಅಷ್ಟು ಅಂದ್ರು ಅಂಕಲ್.

ನಂಗೆ ಕೊಡ್ತೀನಂದ್ರೆ ಚಿಕ್ಕದೇ ಬೇಕು, ವಾಂತಿ ಆದ್ರೂ. ಅಮ್ಮನ್ನ ಕರ್ಕೊಂಡು ಹೋಗೋದಾದ್ರೆ ಮಾತ್ರ ದೊಡ್ಡದು.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಟಾಟಾ ಮಾಡೋಣ ಅಂತ ಬೈತಖೋಲಕ್ಕೆ ಹೋದ್ರೆ ಚಿಕ್ಕ ಬೋಟು ಇರ್ಲೇ ಇಲ್ಲ, ನಾನು ನಿಧಾನ, ಮುಂಚೆ ಹೊರಡ್ಬೇಕು ಅಂತ ಅಂಕಲ್ ನಾಲ್ಕಕ್ಕೇ ಹೋಗಿದ್ರಂತೆ. ದೊಡ್ಡದು ಅಲ್ಲೇ ನಿಂತಿತ್ತು. ಅಣ್ಣ ವಿಂಡ್ಲಾಸ್ ಬಿಚ್ಚಿ ಹರವ್ಕೊಂಡು ಕೂತಿದ್ದ, ನನ್ನ ನೋಡಿದ್ದೇ ಸುಟ್ಟುಹೋದ ರಿಲೇ ಒಂದನ್ನ ಕೈಗಿಟ್ಟು, ಸ್ಕೂಟರ್ ತಂದಿದೀಯಲ್ಲ, ಪೇಟೇಲಿ ಇಂಥದ್ದು ಸಿಗುತ್ತಾ ನೋಡ್ಕೊಂಡು ಬಾ ಅಂದ. ಅಂಗಡಿ ತೆಗೆಯೋದು ಒಂಬತ್ತೂವರೆಗೆ.