ಕಷ್ಟ ಬಂದಾಗ ಏನ್ ಮಾಡ್ತೀರಿ?

ನಾನು ದೇವರನ್ನು ನಂಬುವುದಿಲ್ಲ ಎಂದು ಹೇಳಿದರೆ ಯಾಕೆ ಎಂದು ಕೇಳುವವರು ಕಡಿಮೆ. ‘ಹಾಗಾದ್ರೆ ಕಷ್ಟ ಬಂದಾಗ ಏನ್ ಮಾಡ್ತೀರಿ?’ ಎಂದು ಕೇಳುವವರೇ ಜಾಸ್ತಿ. ಜೊತೆಯಲ್ಲಿ ಕೆಲಸ ಮಾಡುವವರು ಕೇಳಿದ್ದಾರೆ, ನೆಂಟರು ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನೀವು ಮಾಡುವುದನ್ನೇ ಮಾಡುತ್ತೇನೆ. ಅಳುತ್ತೇನೆ. ಗೆಳೆಯರಿಗೆ ಫೋನ್ ಮಾಡುತ್ತೇನೆ. ಡಾಕ್ಟರ ಹತ್ತಿರ ಓಡುತ್ತೇನೆ. ದುಡ್ಡು ಸಾಲದಿದ್ದರೆ ಸಾಲ ಕೇಳುತ್ತೇನೆ. ನಿದ್ದೆ ಬರದೆ ಹೊರಳಾಡುತ್ತೇನೆ. ನೀವು ಇದರ ಜೊತೆಗೆ ಪ್ರಾರ್ಥನೆಯನ್ನೂ ಮಾಡುತ್ತೀರಿ, ನಾನು ಮಾಡುವುದಿಲ್ಲ. ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಇಷ್ಟೇ.

ಇಷ್ಟು ಹೇಳಿದರೂ ಕೇಳಿದವರಿಗೆ ಸಮಾಧಾನ ಆಗುವುದಿಲ್ಲ. ಅವರ ಪ್ರಶ್ನೆಯ ಒಳಗೆ ಇನ್ನೊಂದು ಪದ ಕೂತಿರುತ್ತದೆ. ‘ಈಗಲಾದರೂ’. ಆ ಪದ ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಪ್ಪನಿಗೆ ಬೈಪಾಸ್ ಆಪರೇಷನ್ ಆದ ದಿನದ ಮಾತು. ಒಳಗೆ ಕರೆದುಕೊಂಡು ಹೋಗಿ ಎರಡು ಗಂಟೆ ಆಗಿತ್ತು. ನಾನು ಬಾಗಿಲನ್ನೇ ನೋಡುತ್ತಾ ಕೂತಿದ್ದೆ. ದೂರದ ಸಂಬಂಧಿಯೊಬ್ಬರು ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಹೇಳಿದರು: ‘ಈಗಲಾದ್ರೂ ಒಂದ್ಸಲ ಕೈ ಮುಗಿಯಪ್ಪ. ನಿನ್ನ ಹಟಕ್ಕೆ ಅಪ್ಪನಿಗೆ ಏನಾದ್ರೂ ಆಗ್ಬಾರ್ದು.’

ಅವರು ಕೆಟ್ಟವರಲ್ಲ. ಅಪ್ಪನ ಮೇಲಿನ ಪ್ರೀತಿಯಿಂದಲೇ ಬಂದಿದ್ದರು. ಆದರೆ ಆ ಮಾತಿನ ಅರ್ಥ ಏನು? ಅಪ್ಪ ಬದುಕದಿದ್ದರೆ ಅದಕ್ಕೆ ಕಾರಣ ನಾನು, ಅಂತಲೇ ಅಲ್ವಾ? ವರ್ಷಗಟ್ಟಲೆ ಯೋಚನೆ ಮಾಡಿ ನಾನು ತಲುಪಿದ ಒಂದು ತೀರ್ಮಾನ ಅವರಿಗೆ ಬರೀ ಹಟವಾಗಿ ಕಂಡಿತು. ಹೆದರಿಕೆಯಲ್ಲಿ ಮುದುಡಿ ಕೂತವನನ್ನು ಇನ್ನಷ್ಟು ಹೆದರಿಸಿ ಒಪ್ಪಿಸುವ ನಂಬಿಕೆ ಯಾರಿಗೆ ಬೇಕು? ನಿಮ್ಮ ದೇವರಿಗಾದರೂ ಬೇಕಾ?

ಈ ‘ಈಗಲಾದರೂ’ ಹೊಸದೇನಲ್ಲ. ಡೇವಿಡ್ ಹ್ಯೂಮ್ ಎಂಬ ತತ್ವಜ್ಞಾನಿ ಸ್ಕಾಟ್ಲೆಂಡಿನವರು. ಧರ್ಮದ ಬಗ್ಗೆ ಗಟ್ಟಿ ಸಂದೇಹಗಳನ್ನು ಬರೆದವರು. 1776ರ ಜುಲೈನಲ್ಲಿ ಅವರು ಎಡಿನ್‌ಬರೋದಲ್ಲಿ ಕಾಯಿಲೆಯಿಂದ ಸಾಯುತ್ತಿದ್ದಾಗ ಅವರ ಪರಿಚಯದ ಲೇಖಕ ಜೇಮ್ಸ್ ಬಾಸ್ವೆಲ್ ನೋಡಲು ಹೋದರು. ಸಾವು ಎದುರಿಗೇ ನಿಂತಿರುವಾಗಲೂ ಈ ಮನುಷ್ಯ ಮನಸ್ಸು ಬದಲಿಸಿಲ್ಲವೇ ಎಂದು ತಿಳಿಯುವ ಕುತೂಹಲ ಅವರಿಗೆ. ಇಲ್ಲವಾಗಿ ಹೋಗುವ ಯೋಚನೆ ಕಾಡುವುದಿಲ್ಲವೇ ಎಂದು ಕೇಳಿದರು. ಹುಟ್ಟುವ ಮೊದಲು ನಾನು ಇರಲಿಲ್ಲ ಎಂಬ ಯೋಚನೆ ಹೇಗೆ ಕಾಡುವುದಿಲ್ಲವೋ ಇದೂ ಹಾಗೆಯೇ, ಎಂಬ ಅರ್ಥದ ಮಾತನ್ನು ಹ್ಯೂಮ್ ಹೇಳಿದರು. ಆಗಸ್ಟ್ 25ಕ್ಕೆ ತೀರಿಕೊಂಡರು. ಮನಸ್ಸು ಕಲಕಿಹೋದದ್ದು ಕೇಳಲು ಹೋಗಿದ್ದ ಬಾಸ್ವೆಲ್‌ಗೆ.

ನನಗೆ ಹ್ಯೂಮ್ ಅವರಷ್ಟು ಧೈರ್ಯ ಇಲ್ಲ. ಆ ದಿನ ನನ್ನ ಕೈ ನಡುಗುತ್ತಿತ್ತು. ಬಾಯಿಂದ ‘ಅಯ್ಯೋ ದೇವರೇ’ ಎಂದೂ ಬಂದಿರಬಹುದು. ಕಾಲು ಎಡವಿದಾಗ ‘ಅಮ್ಮಾ’ ಅನ್ನುವುದಿಲ್ಲವೇ, ಹಾಗೆ. ಅಮ್ಮ ಪಕ್ಕದಲ್ಲೇ ಇದ್ದಾಳೆ ಎಂದು ಯಾರೂ ಹಾಗೆ ಕೂಗುವುದಿಲ್ಲ. ಹೆದರಿದ್ದು ನಿಜ. ಆದರೆ ನಾನು ಹೆದರಿದೆ ಎಂಬುದು ದೇವರಿದ್ದಾನೆ ಎನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ಕಷ್ಟ ಕಳೆದ ಮೇಲೆ ಏನ್ ಮಾಡ್ತೀರಿ? ಅದನ್ನು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು. ನಿಜವಾಗಿ ನಾನು ತಡವರಿಸಿದ್ದು ಅಲ್ಲೇ. ಅಪ್ಪ ಕಣ್ಣು ಬಿಟ್ಟಾಗ ಎಲ್ಲರೂ ದೇವರಿಗೆ ಕೈ ಮುಗಿದರು. ನನಗೂ ಎದೆ ತುಂಬಿ ಬಂದಿತ್ತು. ಅದನ್ನು ಯಾರಿಗೆ ಹೇಳಲಿ? ಡಾಕ್ಟರಿಗೆ ಹೇಳಿದೆ. ನರ್ಸ್‌ಗಳಿಗೆ ಹೇಳಿದೆ. ಆದರೂ ಇನ್ನೂ ಹೇಳಬೇಕಾದ್ದು ಉಳಿದಿತ್ತು.

ಆಪರೇಷನ್ನಿಗೆ ಮೊದಲು ಡಾಕ್ಟರು ವಿವರಿಸಿದ್ದರು. ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತೇವೆ, ಆಗ ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಯಂತ್ರ ಮಾಡುತ್ತದೆ ಎಂದು. ಆಮೇಲೆ ಆ ಯಂತ್ರದ ಕಥೆ ಹುಡುಕಿ ಓದಿದೆ. 1930ರ ದಶಕದ ಶುರುವಿನಲ್ಲಿ ಜಾನ್ ಗಿಬ್ಬನ್ ಎಂಬ ಎಳೆಯ ಡಾಕ್ಟರು ಬಾಸ್ಟನ್‌ನಲ್ಲಿ ಒಬ್ಬ ಮಹಿಳೆಯ ಪಕ್ಕ ರಾತ್ರಿಯಿಡೀ ಕೂತಿದ್ದರು. ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಕೆ ಉಳಿಯಲಿಲ್ಲ. ದೇಹದ ರಕ್ತವನ್ನು ಹೊರಗೆ ತೆಗೆದು, ಆಮ್ಲಜನಕ ಸೇರಿಸಿ, ಮತ್ತೆ ಒಳಗೆ ಬಿಡುವ ಹಾಗಿದ್ದರೆ ಎಂಬ ಯೋಚನೆ ಗಿಬ್ಬನ್‌ಗೆ ಬಂದದ್ದು ಆ ರಾತ್ರಿ. ಮೊದಮೊದಲು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿದರು. ಹೆಂಡತಿ ಮೇರಿ ಲ್ಯಾಬಿನಲ್ಲಿ ಜೊತೆಗೆ ದುಡಿದರು. ನಡುವೆ ಮಹಾಯುದ್ಧ ಬಂತು, ಕೆಲಸ ನಿಂತಿತು. ಮತ್ತೆ ಶುರು ಮಾಡಿದರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ 18 ವರ್ಷದ ಹುಡುಗಿಯ ಹೃದಯದೊಳಗಿನ ತೂತನ್ನು ಮುಚ್ಚಿದರು. 26 ನಿಮಿಷ ಆಕೆಯ ಜೀವ ಪೂರ್ತಿ ಯಂತ್ರದ ಮೇಲಿತ್ತು. ಹುಡುಗಿ ಬದುಕಿದಳು.

ಗಿಬ್ಬನ್ ದೇವರನ್ನು ನಂಬಿದ್ದರೋ ಇಲ್ಲವೋ, ನನಗೆ ಅದು ಮುಖ್ಯವೇ ಅಲ್ಲ. ಒಂದು ಸಾವನ್ನು ನೋಡಿ, ಇಪ್ಪತ್ತು ವರ್ಷಕ್ಕೂ ಜಾಸ್ತಿ ಅದನ್ನು ಬಿಡದೆ ಹಿಡಿದು ಕೂತರಲ್ಲ, ಅದನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ. ಅಪ್ಪನಿಗೆ ರಕ್ತ ಕೊಟ್ಟವರು ಯಾರೆಂದು ನನಗೆ ಗೊತ್ತಿಲ್ಲ. ಅವರಿಗೆ ಹೇಳಲು ಆಗದ್ದಕ್ಕೆ ನಾನೂ ರಕ್ತ ಕೊಡಲು ಶುರು ಮಾಡಿದೆ. ನನ್ನ ಕೈ ಮುಗಿಯುವಿಕೆ ಅದೇ ಅಂದುಕೊಳ್ಳಿ.

ನಂಬುವವರ ನಡುವೆ ಬದುಕುವುದು ಕಷ್ಟ ಅಲ್ವಾ ಎಂದೂ ಕೇಳುತ್ತಾರೆ. ಕೆಲವು ಸಲ ಹೌದು. ಸಾವಿನ ಮನೆಯಲ್ಲಿ ನನ್ನ ಹತ್ತಿರ ಸಿದ್ಧ ಮಾತುಗಳಿರುವುದಿಲ್ಲ. ‘ದೇವರ ಹತ್ತಿರ ಹೋದರು’ ಅನ್ನಲು ನನಗೆ ಆಗುವುದಿಲ್ಲ. ಸುಮ್ನೆ ಕೈ ಹಿಡಿದು ಕೂರುತ್ತೇನೆ. ಆ ಮಾತುಗಳು ನನಗೂ ಇದ್ದಿದ್ದರೆ ಎಂದು ಅನ್ನಿಸಿದ್ದುಂಟು.

ಆದರೆ ನಂಬುವವರೆಲ್ಲ ಒಂದೇ ಥರ ಇರುವುದಿಲ್ಲ. ಅದೇ ಆಸ್ಪತ್ರೆಗೆ ಅದೇ ಸಂಜೆ ದೊಡ್ಡಮ್ಮ ಬಂದರು. ನಮ್ಮ ಮನೆಯಲ್ಲಿ ಅವರಷ್ಟು ದೇವರನ್ನು ನಂಬಿದವರು ಇನ್ನೊಬ್ಬರಿಲ್ಲ. ನನ್ನ ಮುಖ ನೋಡಿದರು. ‘ನಿನ್ನ ಪಾಲಿಂದೂ ನಾನೇ ಕೇಳ್ಕೊಂಡಿದ್ದೀನಿ, ಬಿಡು’ ಎಂದರು. ನನಗೆ ನಗು ಬಂತು, ಬೆಳಿಗ್ಗೆಯಿಂದ ಮೊದಲ ಸಲ. ಅವರು ನನ್ನ ಕೈಯಿಂದ ರಿಪೋರ್ಟುಗಳ ಚೀಲ ತೆಗೆದುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

‘ರಾತ್ರಿ ನಾನಿರ್ತೀನಿ. ನೀನು ಹೋಗಿ ಸ್ವಲ್ಪ ಮಲ್ಕೋ.’

ಹೋಗಿ ಮಲಗಿದೆ.