ಪತ್ರಿಕೆ ಮೇಲೆ ದೂರು ಕೊಡುವವರಿಗೆ: ಮೊದಲ ಪತ್ರ ಸಂಪಾದಕರಿಗೇ ಹೋಗಲಿ

ಮಂಡ್ಯ ಪುಟದಲ್ಲಿ ಯಾರದೋ ಬಗ್ಗೆ ತಪ್ಪು ಸುದ್ದಿ ಬಂದರೆ ನಮ್ಮ ಕಡೆ ನಡೆಯುವುದು ಹೀಗೆ: ಮೊದಲು ವರದಿಗಾರರ ಜೊತೆ ಫೋನಿನಲ್ಲಿ ಜಗಳ. ಆಮೇಲೆ ಜಿಲ್ಲಾ ಪತ್ರಕರ್ತರ ಸಂಘಕ್ಕೊಂದು ಮನವಿ, ವಾರ್ತಾ ಇಲಾಖೆಗೊಂದು, ಡಿಸಿ ಕಚೇರಿ ಟಪಾಲಿಗೆ ಇನ್ನೊಂದು. ಅಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತದೆ. ದಿನಪತ್ರಿಕೆ, ವಾರಪತ್ರಿಕೆಗಳ ಮೇಲೆ ಭಾರತೀಯ ಪತ್ರಿಕಾ ಮಂಡಳಿಗೆ (ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾ) ದೂರು ಕೊಡಲು ಇರುವ ಗಡುವೂ ಸುದ್ದಿ ಬಂದ ದಿನದಿಂದ 2 ತಿಂಗಳೇ. ಮಾಸಿಕಗಳಂಥವಕ್ಕೆ 4 ತಿಂಗಳು. ತಡವಾದರೆ ಮಂಡಳಿಯ ಅಧ್ಯಕ್ಷರು ಮನ್ನಿಸಬಹುದು, ಆದರೆ ಒಪ್ಪುವಂಥ ಕಾರಣ ಬೇಕು. ಸಂಘದ ಪದಾಧಿಕಾರಿಗಳ ಹಿಂದೆ ಓಡಾಡುತ್ತಿದ್ದೆ ಎಂಬುದನ್ನು ನಂಬಿಕೊಂಡು ಕೂರಬೇಡಿ.

ಸಂಘ ಇರುವುದು ಪತ್ರಕರ್ತರ ಸಂಬಳ, ಕೆಲಸ, ಭದ್ರತೆಗಾಗಿ. ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಬಹುದು, ಅದು ಒಳ್ಳೆಯದೇ. ಸುದ್ದಿ ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಅಧಿಕಾರ ಮಾತ್ರ ಅದಕ್ಕಿಲ್ಲ. ಮಾನ್ಯತಾ ಕಾರ್ಡು, ಜಾಹೀರಾತು, ಪ್ರಕಟಣೆ ನೋಡಿಕೊಳ್ಳುವ ವಾರ್ತಾ ಇಲಾಖೆಗೂ ಇಲ್ಲ. ಆ ಕೆಲಸ 1978ರ ಕಾಯ್ದೆಯಡಿಯ ಪತ್ರಿಕಾ ಮಂಡಳಿಯದು. ಅಧ್ಯಕ್ಷರನ್ನು ಬಿಟ್ಟು ಅದರಲ್ಲಿ 28 ಸದಸ್ಯರು. ಅವರ ಪೈಕಿ 13 ಮಂದಿ ಸಂಪಾದಕರು ಮತ್ತು ಕಾರ್ಯನಿರತ ಪತ್ರಕರ್ತರು, 6 ಮಂದಿ ಪತ್ರಿಕೆ ಮಾಲೀಕರು, 5 ಮಂದಿ ಸಂಸದರು. ಸಂಘಗಳ ದನಿ ಇಲ್ಲಿಗೆ ಬರುವುದು ಈ ಸದಸ್ಯರ ಮೂಲಕ.

ಮಂಡಳಿಗೆ ಹೋಗುವ ಮೊದಲು ಸಂಪಾದಕರಿಗೆ ಬರೆಯಲೇಬೇಕು. ಬಹಳಷ್ಟು ದೂರುಗಳು ಗೆಲ್ಲುವುದೂ ಕೆಡುವುದೂ ಈ ಪತ್ರದಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಸರು, ವಿಳಾಸಕ್ಕೆ ಯಾರನ್ನೂ ಕೇಳಬೇಕಿಲ್ಲ. ಹೆಚ್ಚಾಗಿ ಕೊನೆಯ ಪುಟದ ತಳದಲ್ಲಿ, ಕನ್ನಡಕ ಹಾಕಿಕೊಂಡರಷ್ಟೇ ಕಾಣುವ ಅಕ್ಷರದಲ್ಲಿ, ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಎಲ್ಲಿ ಮುದ್ರಣವಾಯಿತು ಎಂಬ ಸಾಲಿರುತ್ತದೆ. ಎಷ್ಟೋ ಪತ್ರಿಕೆಗಳು 'ಸುದ್ದಿ ಆಯ್ಕೆಗೆ ಹೊಣೆಗಾರರು' ಯಾರೆಂದೂ ಅಲ್ಲೇ ಹಾಕುತ್ತವೆ. ಪತ್ರ ಅವರ ಹೆಸರಿಗೇ ಹೋಗಲಿ, ಸ್ಥಳೀಯ ವರದಿಗಾರರ ಹೆಸರಿಗಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮದ್ದೂರು ಕಡೆಯ ಹಾಲಿನ ಡೇರಿಯೊಂದರ ಕಾರ್ಯದರ್ಶಿ ಮೇಲೆ 'ಡೇರಿ ಹಣ 4 ಲಕ್ಷ ಗುಳುಂ' ಎಂದು ತಲೆಬರಹ ಬಂದಿದೆ. ಆಡಿಟ್ ವರದಿಯಲ್ಲಿರುವುದು ಸದಸ್ಯರಿಂದ 40 ಸಾವಿರ ಬಾಕಿ ಬರಬೇಕು ಎಂದಷ್ಟೇ. 'ನನ್ನ ಮಾನ ಹರಾಜಾಗಿದೆ, ಕೂಡಲೇ ಕ್ಷಮೆ ಕೇಳಿ' ಎಂದು ಬರೆದರೆ ಸಂಪಾದಕರ ಕೈಗೆ ಏನೂ ಸಿಗುವುದಿಲ್ಲ. 'ಇಂಥ ದಿನಾಂಕ, 5ನೇ ಪುಟ, ಎರಡನೇ ಪ್ಯಾರಾದಲ್ಲಿ 4 ಲಕ್ಷ ಎಂದಿದೆ. ಲಗತ್ತಿಸಿರುವ ಆಡಿಟ್ ವರದಿಯ ಪ್ರಕಾರ ಅದು ಸದಸ್ಯರಿಂದ ಬರಬೇಕಾದ 40 ಸಾವಿರ ಬಾಕಿ. ಪ್ರಕಟಿಸುವ ಮುನ್ನ ನನ್ನ ಹೇಳಿಕೆ ಕೇಳಿಲ್ಲ. ಇದೇ ಪುಟದಲ್ಲಿ ಸ್ಪಷ್ಟೀಕರಣ ಹಾಕಿ' ಎಂದು ಬರೆಯಿರಿ. ನಾಲ್ಕು ವಾಕ್ಯ ಸಾಕು. ಬೈಗುಳ ಬೇಡ, ಇದೇ ಪತ್ರದ ಪ್ರತಿ ನಾಳೆ ಮಂಡಳಿಯ ಕಡತ ಸೇರುತ್ತದೆ.

2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಹಾಗಾಗಿ ಸ್ಪೀಡ್ ಪೋಸ್ಟಲ್ಲೇ ಕಳಿಸಿ, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಕೌಂಟರಿನಲ್ಲಿ ಕೇಳಿ, ರಸೀದಿ ಜೋಪಾನ ಮಾಡಿ. ಶಾಯಿ ಬೇಗ ಮಾಸುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿಕೊಳ್ಳಿ. 15 ದಿನ ಕಾಯಿರಿ. ಉತ್ತರ ಬಾರದಿದ್ದರೆ ಆ ಮೌನವನ್ನೇ ದೂರಿನಲ್ಲಿ ಬರೆಯಬಹುದು.

ಸುದ್ದಿಯ ತುಣುಕನ್ನಷ್ಟೇ ಕತ್ತರಿಸಿಡುವುದು ಎಲ್ಲರೂ ಮಾಡುವ ತಪ್ಪು. ದಿನಾಂಕ, ಆವೃತ್ತಿ, ಪುಟ ಸಂಖ್ಯೆ ಎಲ್ಲವೂ ಹೋಗಿಬಿಡುತ್ತವೆ. ಜಿಲ್ಲಾ ಪುಟ ಮೈಸೂರು ಆವೃತ್ತಿಯಲ್ಲಿ ಮಾತ್ರ ಬಂದಿದ್ದರೆ ಬೆಂಗಳೂರು ಆವೃತ್ತಿಯ ಇ-ಪೇಪರಿನಲ್ಲಿ ಹುಡುಕಿದರೂ ಸಿಗದು. ಇಡೀ ಪತ್ರಿಕೆಯನ್ನೇ ಎತ್ತಿಡಿ, ಅದೂ ಎರಡು ಪ್ರತಿ.

ದೂರಿನ ಜೊತೆ ಸುದ್ದಿಯ ಪ್ರತಿ, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರ, ಬಂದಿದ್ದರೆ ಅವರ ಉತ್ತರ, ಸುದ್ದಿ ಯಾವ ರೀತಿ ಆಕ್ಷೇಪಾರ್ಹ ಎಂಬ ವಿವರಣೆ, ಇದೇ ವಿಷಯ ಯಾವ ಕೋರ್ಟಿನಲ್ಲೂ ಬಾಕಿ ಇಲ್ಲವೆಂಬ ಘೋಷಣೆ ಇರಬೇಕು. ಅನುವಾದದಲ್ಲಿ ಎಚ್ಚರ. 'ಗುಳುಂ' ಎಂಬುದಕ್ಕೆ ದುರ್ಬಳಕೆ ಎಂಬರ್ಥದ ಸಪ್ಪೆ ಇಂಗ್ಲಿಷ್ ಪದ ಹಾಕಿದರೆ ತಲೆಬರಹದ ವಿಷವೇ ಇಳಿದುಹೋಗುತ್ತದೆ. ಪೂರ್ತಿ ನುಂಗಿಹಾಕಿದ ಎಂಬ ಅರ್ಥ ಬರಬೇಕು. ಹಾಗೆಂದು ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದರೆ ನಿಮ್ಮ ಮಾತಿನ ತೂಕವೇ ಹೋಗುತ್ತದೆ.

ಕೋರ್ಟಿನ ವಿಷಯದಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. ಅದೇ ಸುದ್ದಿ ಮೇಲೆ ಮಾನನಷ್ಟ ಮೊಕದ್ದಮೆ ಹಾಕಿದ್ದರೆ ಮಂಡಳಿ ವಿಚಾರಣೆ ನಡೆಸುವಂತಿಲ್ಲ. 1978ರ ಆ ಕಾಯ್ದೆಯ 14ನೇ ಸೆಕ್ಷನ್ನಿನಲ್ಲೇ ಹಾಗಿದೆ. ದುಡ್ಡಿನ ಪರಿಹಾರ ಬೇಕಿದ್ದರೆ ಕೋರ್ಟೇ ದಾರಿ. ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ಖಂಡಿಸಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಇದು ದೊಡ್ಡ ಕೊರತೆ ಎಂದೇ ನನ್ನ ನಂಬಿಕೆ. ಆದರೂ ನಿಮಗೆ ಬೇಕಿರುವುದು ತಪ್ಪನ್ನು ತಪ್ಪೆಂದು ಒಪ್ಪಿಸುವುದಾದರೆ ಇದು ಖರ್ಚಿಲ್ಲದ ದಾರಿ, ವಕೀಲರೂ ಬೇಕಿಲ್ಲ. ಸುದ್ದಿಯ ಮೂಲ ಯಾರೆಂದು ಹೇಳಿಸಿ ಎಂದು ಮಾತ್ರ ಕೇಳಬೇಡಿ. ಅದನ್ನು ಬಲವಂತವಾಗಿ ಹೇಳಿಸುವ ಹಕ್ಕು ಮಂಡಳಿಗೂ ಇಲ್ಲ, ಇರಲೂಬಾರದು.

ಟಿವಿ ಸುದ್ದಿ ಈ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ವಾಹಿನಿ ಎನ್‌ಬಿಡಿಎ (ಸುದ್ದಿ ವಾಹಿನಿಗಳ ಒಕ್ಕೂಟ) ಸದಸ್ಯನಾಗಿದ್ದರೆ, ಪ್ರಸಾರವಾದ 7 ದಿನದೊಳಗೆ ವಾಹಿನಿಗೆ ಬರೆಯಿರಿ. ಸಮಾಧಾನವಾಗದಿದ್ದರೆ ಆ ಒಕ್ಕೂಟದ ದೂರು ಪ್ರಾಧಿಕಾರವಾದ ಎನ್‌ಬಿಡಿಎಸ್‌ಎಗೆ ಹೋಗಿ. ಕಾರ್ಯಕ್ರಮದ ಹೆಸರು, ದಿನಾಂಕ, ಗಂಟೆ ನಿಮಿಷ ಬರೆದಿಟ್ಟುಕೊಳ್ಳಿ.

ಮಂಡಳಿ ನೋಟಿಸ್ ಕಳಿಸಿದರೆ ಉತ್ತರಕ್ಕೆ ಸಂಪಾದಕರಿಗೆ 14 ದಿನ ಇರುತ್ತದೆ. ಈ ನಡುವೆ ಪತ್ರಿಕೆ ಸ್ಪಷ್ಟೀಕರಣ ಹಾಕಿದರೆ ಆ ಪುಟವನ್ನೂ ಎತ್ತಿಡಿ. ಸುದ್ದಿ 5ನೇ ಪುಟದಲ್ಲಿ ನಾಲ್ಕು ಕಾಲಂ ಬಂದು, ಸ್ಪಷ್ಟೀಕರಣ 9ನೇ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದಿದ್ದರೆ, ಎರಡನ್ನೂ ಅಕ್ಕಪಕ್ಕ ಇಟ್ಟು ಜೆರಾಕ್ಸ್ ಮಾಡಿಸಿ ಮಂಡಳಿಗೆ ಕಳಿಸಿ.