ಎಣ್ಣೆ ಹಚ್ಚಿದ ಕೈ, ಬಿಟ್ಟುಹೋದ ಕಣಕಾಲು

ಕೆರೆ ದಂಡೆಯಲ್ಲಿ ಟೆಂಟ್ ಹಾಕಿ ರಾತ್ರಿ ಕಳೆಯೋದು ಅಂದರೆ ಸೊಳ್ಳೆಗಳ ಮನೆಗೆ ನಾವೇ ನೆಂಟರಾಗಿ ಹೋದ ಹಾಗೆ. ಗೊತ್ತಿದ್ದೂ ಹೊರಟಿದ್ದೆವು. ನಾನು, ಅಕ್ಕ, ಭಾವ, ಅವರ ಇಬ್ಬರು ಮಕ್ಕಳು. ದೊಡ್ಡವಳಿಗೆ ಎಲ್ಲದಕ್ಕೂ ಯಾಕೆ ಅಂತ ಕೇಳುವ ವಯಸ್ಸು. ಚಿಕ್ಕವನಿಗೆ ಇನ್ನೂ ಎರಡು ತುಂಬಿಲ್ಲ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ.

ಅಕ್ಕ ಬ್ಯಾಗಿನಿಂದ ಸೊಳ್ಳೆ ಓಡಿಸುವ ಎಣ್ಣೆಗಳ ಪುಟ್ಟ ಬಾಟಲಿಗಳನ್ನು ಒಂದೊಂದೇ ತೆಗೆದು ಚಾಪೆ ಮೇಲೆ ಸಾಲಾಗಿ ಇಟ್ಟಳು. ನಿಂಬೆಹುಲ್ಲಿನ ಜಾತಿಯ ಹುಲ್ಲಿನಿಂದ ತೆಗೆಯುವ ಸಿಟ್ರೊನೆಲ್ಲಾ, ಬೇವು, ಲವಂಗ, ಪುದೀನ, ನಿಂಬೆ ನೀಲಗಿರಿ. ಜೊತೆಗೆ ಸಿಟ್ರೊನೆಲ್ಲಾ ಮೇಣದ ಬತ್ತಿ ಬೇರೆ. "ಕೆಮಿಕಲ್ ಏನೂ ಬೇಡ ಕಣೋ, ಮಕ್ಕಳಿದ್ದಾರೆ" ಅಂದಳು. ಆ ಬಾಟಲಿಗಳಲ್ಲಿ ಇರೋದೂ ಕೆಮಿಕಲ್ಲೇ ಅಲ್ವಾ ಅಂತ ನಾಲಿಗೆ ತುದಿಗೆ ಬಂದಿತ್ತು. ಆದರೆ ಟೆಂಟಿನ ಗೂಟ ಹೊಡೆಯುವ ಹೊತ್ತಿನಲ್ಲಿ ಅಕ್ಕನ ಜೊತೆ ವಾದಕ್ಕೆ ಇಳಿಯುವ ಧೈರ್ಯ ನನಗಿಲ್ಲ. ನನ್ನ ಬ್ಯಾಗಿನ ತಳದಲ್ಲಿ ಡೀಟ್ ಅನ್ನೋ, ಲ್ಯಾಬಿನಲ್ಲಿ ಮಾಡಿದ ಸೊಳ್ಳೆ ನಿರೋಧಕದ ಒಂದು ಬಾಟಲಿ ಇತ್ತು. ಸದ್ಯಕ್ಕೆ ಅಲ್ಲೇ ಇರಲಿ ಅಂತ ಸುಮ್ಮನಾದೆ.

ಅಷ್ಟರಲ್ಲಿ ಭಾವ ಲವಂಗದ ಎಣ್ಣೆಯ ಮುಚ್ಚಳ ತೆಗೆದು ನೇರ ಅಂಗೈಗೆ ಸುರಿದುಕೊಳ್ಳಲು ಹೊರಟಿದ್ದರು. "ಭಾವ, ತಡೀರಿ" ಅಂತ ಕೈ ಹಿಡಿದೆ. ಲವಂಗದೆಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಯೂಜಿನಾಲ್ ಅನ್ನೋ ರಾಸಾಯನಿಕ ಇರುತ್ತದೆ. ಹಾಗೇ ಹಚ್ಚಿದರೆ ಚರ್ಮ ಉರಿಯುತ್ತದೆ, ಕೆಲವರಿಗೆ ಬೊಬ್ಬೆಯೂ ಏಳುತ್ತದೆ. ಗಿಡದಿಂದ ತೆಗೆದಿದ್ದು ಅಂದ ಮಾತ್ರಕ್ಕೆ ಅದು ಮೃದುವಾಗಿ ಇರಬೇಕು ಅಂತೇನಿಲ್ಲ. "ಹಲ್ಲು ನೋವಿಗೆ ಹಾಕ್ತೀವಲ್ಲ?" ಅಂದರು. ಅದು ಹತ್ತಿಯ ತುದಿಗೆ ಒಂದು ಹನಿ, ಇದು ಎರಡು ಕೈ ತುಂಬ.

ಸ್ಟೀಲ್ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ತೆಗೆದುಕೊಂಡೆವು. 30 ಮಿಲಿಲೀಟರಿಗೆ ಬಾಟಲಿಯ ಎಣ್ಣೆ ಹತ್ತು ಹನ್ನೆರಡು ಹನಿ, ಅಂದರೆ ಸುಮಾರು ಶೇಕಡಾ 2. ಅದಕ್ಕಿಂತ ಜಾಸ್ತಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ವಾಸನೆ ಗಾಢವಾದಷ್ಟೂ ಸೊಳ್ಳೆ ದೂರ ಅನ್ನೋ ಲೆಕ್ಕ. ನೀರಿಗೆ ಬೆರೆಸಿ ಸ್ಪ್ರೇ ಮಾಡೋಣ ಅಂತ ಅಕ್ಕ ಅಂದಳು. ಎಣ್ಣೆ ನೀರಲ್ಲಿ ಕರಗಲ್ಲ. ಮೇಲೆ ತೇಲಿ ನಿಂತು, ಒಂದು ಸಲ ಬರೀ ನೀರು, ಇನ್ನೊಂದು ಸಲ ಬರೀ ಎಣ್ಣೆ ಬೀಳುತ್ತದೆ. ಕೊಬ್ಬರಿ ಎಣ್ಣೆಯ ಜೊತೆ ಸೇರಿದರೆ ಆವಿಯಾಗೋದು ಸ್ವಲ್ಪ ನಿಧಾನ. ಆ ಸ್ವಲ್ಪವೇ ಇಲ್ಲಿ ಮುಖ್ಯ.

ಮೊಳಕೈಯ ಒಳಭಾಗಕ್ಕೆ ಒಂದೊಂದು ಚುಕ್ಕೆ ಹಚ್ಚಿ ಕಾದು ನೋಡಿದೆವು. ಯಾರಿಗೂ ಕೆಂಪಾಗಲಿಲ್ಲ. ಚಿಕ್ಕವನಿಗೆ ಮಾತ್ರ ಯಾವ ಎಣ್ಣೆಯೂ ಇಲ್ಲ. ಅದರಲ್ಲಿ ನಾನು ಹಟ ಹಿಡಿದೆ. ಕೈ ಬಾಯಿಗೆ ಹಾಕುವ ಮಗು ಅದು. ನೀಲಗಿರಿ ಎಣ್ಣೆ ಒಂದು ಚಮಚ ಹೊಟ್ಟೆಗೆ ಹೋದರೂ ಆ ವಯಸ್ಸಿನವರಿಗೆ ಅಪಾಯ. ಅವನಿಗೆ ಉದ್ದ ತೋಳಿನ ಸಡಿಲ ಅಂಗಿ, ಕಾಲುಚೀಲ, ಕೂರಲು ಸೊಳ್ಳೆ ಪರದೆಯ ಒಳಗೆ ಜಾಗ. ನಮ್ಮೆಲ್ಲರಿಗಿಂತ ಕಡಿಮೆ ಕಚ್ಚಿಸಿಕೊಂಡವನು ಕೊನೆಗೆ ಅವನೇ.

ಸೂರ್ಯ ಇಳಿಯುವ ಮೊದಲು ಭಾವ ಒಂದು ಪ್ರಯೋಗಕ್ಕೆ ಒಪ್ಪಿದರು. ಎಡಗೈಗೆ ಸಿಟ್ರೊನೆಲ್ಲಾ ಮಿಶ್ರಣ, ಬಲಗೈಗೆ ಬೇವಿನದು. ದೊಡ್ಡವಳು ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಳು. ಬೇವಿನ ವಾಸನೆಗೆ ಅವಳೇ ಮೂಗು ಮುಚ್ಚಿಕೊಂಡಳು. "ಮಾವ, ಇದಕ್ಕೆ ಸೊಳ್ಳೆ ಅಲ್ಲ, ಅಪ್ಪನೇ ಓಡಿ ಹೋಗ್ತಾರೆ."

ಸಂಜೆ ಬೆಳಕು ಕಂದುತ್ತಿದ್ದ ಹಾಗೆ ಬಂದವು. ಮೊದಲು ಕಿವಿ ಹತ್ತಿರ ಗುಂಯ್ ಅನ್ನೋ ಸದ್ದು. ಆಮೇಲೆ ಒಂದು ಭಾವನ ಎಡಗೈ ಮೇಲೆ ಇಳಿಯಲು ನೋಡಿತು. ಟಾರ್ಚ್ ಬೆಳಕಲ್ಲಿ ಅದನ್ನು ಸರಿಯಾಗಿ ಕಂಡೆ. ನೇರ ಬಂತು, ಚರ್ಮಕ್ಕೆ ಒಂದಿಂಚು ಇರುವಾಗ ತಟ್ಟನೆ ಮೇಲೆದ್ದಿತು. ಪಕ್ಕಕ್ಕೆ ಸರಿಯಿತು. ಮತ್ತೆ ಇಳಿಯಿತು, ಮತ್ತೆ ಎದ್ದಿತು. ಹೋಗಿಬಿಡುತ್ತದೆ ಅಂದುಕೊಂಡೆವು. ಹೋಗಲಿಲ್ಲ. ಕೈಗುಂಟ ತೂಗಾಡುತ್ತ ಕೆಳಗಿಳಿದು, ವಾಚಿನ ಪಟ್ಟಿಯ ಅಂಚಲ್ಲಿ ಎಣ್ಣೆ ತಾಗದ ಕಡ್ಡಿಯಷ್ಟು ಜಾಗ ಹುಡುಕಿ, ಕೂತು, ಸೊಂಡಿಲು ಇಳಿಸಿತು.

ಇದು ಯಾಕೆ ಹೀಗೆ ಅಂತ ದೊಡ್ಡವಳಿಗೆ ಹೇಳಬೇಕಾಯಿತು. ಸೊಳ್ಳೆಯನ್ನು ದೂರದಿಂದ ಕರೆಯೋದು ನಮ್ಮ ಉಸಿರು. ನಾವು ಬಿಡುವ ಇಂಗಾಲದ ಡೈಆಕ್ಸೈಡಿನ ಜಾಡು ಹಿಡಿದು ಅದು ಬರುತ್ತದೆ. ಹತ್ತಿರ ಬಂದ ಮೇಲೆ ಬೆವರಿನ ಲ್ಯಾಕ್ಟಿಕ್ ಆಮ್ಲ, ಚರ್ಮದ ವಾಸನೆ, ಮೈಯ ಬಿಸಿ ಸೇರಿಕೊಂಡು ಎಲ್ಲಿ ಕೂರಬೇಕು ಅಂತ ತೋರಿಸುತ್ತವೆ. ಎಣ್ಣೆ ಕೆಲಸ ಮಾಡೋದು ಈ ಕೊನೆಯ ಹಂತದಲ್ಲಿ ಮಾತ್ರ, ಅದೂ ಚರ್ಮಕ್ಕೆ ತೀರಾ ಹತ್ತಿರದಲ್ಲಿ. ಉಸಿರನ್ನು ಅದು ಮುಚ್ಚಲಾರದು. ಹಾಗಾಗಿ ಸೊಳ್ಳೆ ಬರೋದು ಬರುತ್ತದೆ, ಕೂರಲು ಖಾಲಿ ಜಾಗ ಹುಡುಕುತ್ತದೆ. ಕಚ್ಚೋದು ಹೆಣ್ಣು ಮಾತ್ರ, ಮೊಟ್ಟೆ ಬೆಳೆಸಲು ಅದಕ್ಕೆ ರಕ್ತದ ಪ್ರೋಟೀನ್ ಬೇಕು. ಅಷ್ಟು ಸುಲಭಕ್ಕೆ ಹಟ ಬಿಡುವ ಗಿರಾಕಿ ಅಲ್ಲ.

ಆ ಖಾಲಿ ಜಾಗ ಹೆಚ್ಚಿನವರಲ್ಲಿ ಕಣಕಾಲು. ಕೈಗೆ, ಕುತ್ತಿಗೆಗೆ ತಿಕ್ಕಿ ತಿಕ್ಕಿ ಹಚ್ಚುತ್ತೇವೆ, ಪಾದದ ಕಡೆ ಬಗ್ಗುವುದೇ ಇಲ್ಲ. ಮಲೇರಿಯಾ ಹರಡುವ ಒಂದು ಜಾತಿಯ ಅನಾಫಿಲಿಸ್ ಸೊಳ್ಳೆಗಂತೂ ಪಾದದ ವಾಸನೆ ಅಂದರೆ ಪ್ರಾಣ. ಅದೇ ವಾಸನೆ ಬರುವ ಲಿಂಬರ್ಗರ್ ಚೀಸಿಗೂ ಆ ಸೊಳ್ಳೆ ಮರುಳಾಗುತ್ತದೆ ಅಂತ ತೋರಿಸಿದವರಿಗೆ 2006ರಲ್ಲಿ ಇಗ್ ನೊಬೆಲ್ ಬಂದಿತ್ತು. ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಇದನ್ನು ಕೇಳಿ ಭಾವ ತಮ್ಮ ಕಾಲು ನೋಡಿಕೊಂಡರು. ಪ್ಯಾಂಟಿನ ತುದಿಗೂ ಚಪ್ಪಲಿಗೂ ನಡುವೆ ಆಗಲೇ ಕೆಂಪು ಗುಳ್ಳೆಗಳ ಸಾಲು.

ಅರ್ಧ ಗಂಟೆ ಕಳೆಯುವಷ್ಟರಲ್ಲಿ ಎಡಗೈ ಮೇಲೂ ಧಾರಾಳವಾಗಿ ಕೂರತೊಡಗಿದವು. "ವಾಸನೆ ಇನ್ನೂ ಬರ್ತಾ ಇದೆ ಕಣೋ" ಅಂತ ಅಕ್ಕ ಕೈ ಮೂಸಿ ಹೇಳಿದಳು. ನಮ್ಮ ಮೂಗಿಗೆ ಬರುತ್ತಿತ್ತು, ನಿಜ. ಸೊಳ್ಳೆಯನ್ನು ತಡೆಯಲು ಅಷ್ಟು ಸಾಲದು. ಚರ್ಮದ ಮೇಲೆ ದಟ್ಟ ಆವಿ ಬೇಕು, ಸಿಟ್ರೊನೆಲ್ಲಾದ ಆವಿ ಬೇಗ ಹಾರಿಹೋಗುತ್ತದೆ. 2002ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಹೋಲಿಕೆ ನನಗೆ ನೆನಪಿತ್ತು. ಶೇಕಡಾ 23.8ರ ಡೀಟ್ ಸರಾಸರಿ ಐದು ಗಂಟೆ ಕಾದಿತ್ತು. ಸಿಟ್ರೊನೆಲ್ಲಾ ಇರುವ ಉತ್ಪನ್ನಗಳು ಸರಾಸರಿ 20 ನಿಮಿಷವೂ ನಿಲ್ಲಲಿಲ್ಲ. ಶೇಕಡಾ 2ರ ಸೋಯಾ ಎಣ್ಣೆ ಇದ್ದ ಒಂದು ಉತ್ಪನ್ನ ಮಾತ್ರ ಒಂದೂವರೆ ಗಂಟೆ ಎಳೆದಿತ್ತು. ಸೊಳ್ಳೆ ಓಡಿಸುವ ಕೈಪಟ್ಟಿಗಳಿಂದ ಕಾಪು ಅನ್ನೋದೇ ಸಿಗಲಿಲ್ಲ. ಇದನ್ನು ಹೇಳಿದ್ದಕ್ಕೆ ಅಕ್ಕ, "ಹಾಗಾದ್ರೆ ಮತ್ತೆ ಹಚ್ಚು" ಅಂದಳು. ಅದೇ ಸರಿಯಾದ ಉತ್ತರ. ಸಿಟ್ರೊನೆಲ್ಲಾ ಸುಳ್ಳಲ್ಲ, ಅಲ್ಪಾಯುಷಿ ಅಷ್ಟೇ. ಗಿಡಕ್ಕೆ ನೀರು ಹಾಕುವಷ್ಟು ಹೊತ್ತಿಗೆ ಅದು ಸಾಕು. ಇಡೀ ಸಂಜೆ ಹೊರಗೆ ಕೂರುವವರು ಬಟ್ಟಲು ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಬಲಗೈಯ ಬೇವು ಇನ್ನಷ್ಟು ಹೊತ್ತು ತಡೆಯಿತು, ಅದರ ಎಣ್ಣೆ ಜಿಡ್ಡು, ಬೇಗ ಆರಲ್ಲ. ಆದರೆ ಆ ಕೈ ಹಿಡಿದು ಮಾತಾಡಲು ಯಾರೂ ತಯಾರಿರಲಿಲ್ಲ.

ಮೇಣದ ಬತ್ತಿ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕೆರೆ ಕಡೆಯ ಗಾಳಿಗೆ ಅದರ ಹೊಗೆ ನಮ್ಮಿಂದ ದೂರಕ್ಕೆ ಹೋಯಿತು. ನೋಡಲು ಚೆನ್ನಾಗಿತ್ತು.

ನಿಜವಾದ ಬದಲಾವಣೆ ಆಗಿದ್ದು ಬೇರೆ ಕಾರಣಕ್ಕೆ. ಟೆಂಟಿನೊಳಗೆ ಸೆಕೆ ಅಂತ ಭಾವ ಬ್ಯಾಟರಿಯ ಟೇಬಲ್ ಫ್ಯಾನ್ ತಂದಿದ್ದರು. ಅಕ್ಕನಿಗೆ ಬೆವರುತ್ತಿದೆ ಅಂತ ಅದನ್ನು ಹೊರಗೆ ತಂದು ನೆಲದ ಮೇಲಿಟ್ಟು ಹಾಕಿದೆವು. ಸ್ವಲ್ಪ ಹೊತ್ತಿಗೆ ಅಕ್ಕನ ಕೈ ಬಡಿತ ನಿಂತಿತು. ಗಾಳಿ ತಾಗದ ಕಡೆ ಕೂತಿದ್ದ ನಾನು ಮಾತ್ರ ಚಪ್ಪಾಳೆ ತಟ್ಟುತ್ತಲೇ ಇದ್ದೆ. ಫ್ಯಾನನ್ನು ನನ್ನ ಕಡೆ ತಿರುಗಿಸಿದರೆ ಅವಳಿಗೆ ಶುರು. ಸೊಳ್ಳೆ ಹಾರುವ ವೇಗವೇ ಗಂಟೆಗೆ ಒಂದೂವರೆಯಿಂದ ಎರಡೂವರೆ ಕಿಲೋಮೀಟರ್. ನಾವು ನಡೆಯುವುದಕ್ಕಿಂತ ನಿಧಾನ. ಚಿಕ್ಕ ಫ್ಯಾನಿನ ಗಾಳಿಗೂ ಅದು ಎದುರು ಈಜಲಾರದು. ಜೊತೆಗೆ ನಮ್ಮ ಉಸಿರು, ಬೆವರಿನ ವಾಸನೆ ಎಲ್ಲ ಚದುರಿಹೋಗುವುದರಿಂದ ಜಾಡೂ ತಪ್ಪುತ್ತದೆ. ಎಣ್ಣೆ ಮುಟ್ಟದ ಆ ಉಸಿರಿನ ಕರೆಗೆ ಕೈ ಹಾಕೋದು ಗಾಳಿಯೇ. ಕೆಳಗಿಟ್ಟಿದ್ದು ಇನ್ನೂ ಒಳ್ಳೆಯದಾಯಿತು, ಕಣಕಾಲಿನ ಮಟ್ಟಕ್ಕೇ ಬೀಸುತ್ತಿತ್ತು.

"ಗಾಳಿಗಿಂತ ನೈಸರ್ಗಿಕ ಇನ್ನೇನಿದೆ ಹೇಳು" ಅಂದಳು ಅಕ್ಕ, ತಾನೇ ಕಂಡುಹಿಡಿದವಳ ಹಾಗೆ. ಎಲ್ಲರೂ ಅರ್ಧ ವೃತ್ತದಲ್ಲಿ ಫ್ಯಾನಿನ ಮುಂದೆ ಸರಿದು ಕೂತೆವು. ಬಿಳಿ ದೀಪ ಆರಿಸಿ ಹಳದಿ ದೀಪ ಹಚ್ಚಿದ ಮೇಲೆ ಪತಂಗಗಳ ಕಾಟವೂ ಇಳಿಯಿತು.

ಮಾತು ಮತ್ತೆ ಬಾಟಲಿಗಳ ಕಡೆ ಹೊರಳಿತು. ನಿಂಬೆ ನೀಲಗಿರಿಯದ್ದು ಉಳಿದೇ ಇತ್ತು. ಇದರಲ್ಲಿ ಒಂದು ಗೊಂದಲ ಇದೆ, ಕೊಳ್ಳುವವರಿಗೆ ಯಾರೂ ಹೇಳಲ್ಲ. ಕೊರಿಂಬಿಯಾ ಸಿಟ್ರಿಯೊಡೋರಾ ಅನ್ನೋ ಮರದ ಎಲೆಯಿಂದ ಬಟ್ಟಿ ಇಳಿಸಿದ ಎಣ್ಣೆಯಲ್ಲಿ ಹೆಚ್ಚಿನದು ಸಿಟ್ರೊನೆಲ್ಲಾಲ್. ಅದೂ ಬೇಗ ಹಾರಿಹೋಗುವ ಗುಂಪಿನದೇ. ಸೊಳ್ಳೆಯನ್ನು ಗಂಟೆಗಟ್ಟಲೆ ತಡೆಯುವ ಪಿಎಂಡಿ ಅನ್ನೋ ಅಂಶ ಅದರಲ್ಲಿ ತೀರಾ ಕಡಿಮೆ. ಆ ಅಂಶ ಹೆಚ್ಚುವಂತೆ ಸಂಸ್ಕರಿಸಿದ್ದು ಬೇರೆಯೇ ಸರಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2005ರಿಂದ ಶಿಫಾರಸು ಮಾಡುತ್ತಿರೋದು ಅದನ್ನು, ಅದೂ ಮೂರು ವರ್ಷದೊಳಗಿನ ಮಕ್ಕಳಿಗೆ ಬೇಡ ಅನ್ನುವ ಎಚ್ಚರಿಕೆಯ ಜೊತೆ. ಬಾಟಲಿ ಮೇಲೆ ಪಿಎಂಡಿ ಅಂತ, ಎಷ್ಟು ಶೇಕಡಾ ಅಂತ ಬರೆದಿದೆಯಾ ನೋಡಬೇಕು. ಅಕ್ಕನ ಬಾಟಲಿ ಮೇಲೆ ಒಂದು ಎಲೆಯ ಚಿತ್ರ ಮಾತ್ರ ಇತ್ತು.

ಡೀಟ್ ಬಾಟಲಿಯನ್ನು ಆಗ ಹೊರಗೆ ತೆಗೆದೆ. ಇದು 1946ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾಗಿ, 1957ರಿಂದ ಜನರ ಕೈಗೆ ಬಂದಿದ್ದು. ಡೆಂಗಿ, ಮಲೇರಿಯಾ ಇರುವ ಕಡೆ ಹೋದರೆ ನಾನು ಸಿಟ್ರೊನೆಲ್ಲಾ ನಂಬಿ ಕೂರಲ್ಲ, ಇದನ್ನೋ, ಪಿಕಾರಿಡಿನ್ ಅನ್ನೋ ಇನ್ನೊಂದು ಸೊಳ್ಳೆ ನಿರೋಧಕವನ್ನೋ, ಪಿಎಂಡಿಯನ್ನೋ ಹಚ್ಚುತ್ತೇನೆ. ತುರಿಕೆಯಷ್ಟೇ ತೊಂದರೆ ಅನ್ನೋ ಕಡೆ ಎಣ್ಣೆ, ಫ್ಯಾನ್, ಕಾಲುಚೀಲ ಸಾಕು. ಪಿಕಾರಿಡಿನ್ ರೂಪಿಸುವಾಗ ಕರಿಮೆಣಸಿಗೆ ಖಾರ ಕೊಡುವ ಪೈಪರಿನ್ ಮಾದರಿಯಾಗಿತ್ತು ಅಂದಾಗ ಅಕ್ಕ ಕಣ್ಣರಳಿಸಿದಳು. "ಮೆಣಸಿಂದ ಬಂದಿದ್ದಾ?" ಮೆಣಸಿಂದ ಅಲ್ಲ, ಅದನ್ನು ನೋಡಿಕೊಂಡು ಲ್ಯಾಬಿನಲ್ಲಿ ಮಾಡಿದ್ದು. ಇನ್ನೊಂದು ಕಡೆ ಸೇವಂತಿಗೆ ಜಾತಿಯ ಹೂವಿನಿಂದಲೇ ತೆಗೆಯುವ ಪೈರೆಥ್ರಿನ್ ಅನ್ನೋ ಕೀಟನಾಶಕ ಇದೆ. ಪಕ್ಕಾ ನೈಸರ್ಗಿಕ. ಈ ಕೆರೆಗೆ ಸುರಿದರೆ ಮೀನು ಸಾಯುತ್ತವೆ. ಅಕ್ಕ ಏನೂ ಹೇಳಲಿಲ್ಲ, ಬಾಟಲಿ ತಿರುಗಿಸಿ ತಿರುಗಿಸಿ ಓದಿದಳು.

ಬೆಳಗ್ಗೆ ರಾತ್ರಿಯ ಸೊಳ್ಳೆಗಳು ಹೋಗಿದ್ದವು, ಹಗಲಿನವು ಬಂದಿದ್ದವು. ಕಾಲಿನ ಮೇಲೆ ಬಿಳಿ ಪಟ್ಟೆ ಇರುವ ಈಡಿಸ್. ಡೆಂಗಿ ಹರಡುವ ಜಾತಿ ಇದು, ಮುಂಜಾನೆ ಮತ್ತು ಸಂಜೆಗೆ ಮುಂಚೆ ಜಾಸ್ತಿ ಕಚ್ಚುತ್ತದೆ. ನೋಡಿದ ತಕ್ಷಣ ವಾದ ಮುಗಿಯಿತು. ನಾವು ಮೂವರೂ ಡೀಟ್ ಹಚ್ಚಿಕೊಂಡೆವು. ಮೊದಲು ಸನ್‌ಸ್ಕ್ರೀನ್, ಅದು ಆರಿದ ಮೇಲೆ ಇದು. ಅಕ್ಕ ದೊಡ್ಡವಳಿಗೆ ತನ್ನ ಅಂಗೈಗೆ ಹಾಕಿಕೊಂಡು ಹಚ್ಚಿದಳು, ಕಣ್ಣು, ಬಾಯಿ, ಬೆರಳು ಬಿಟ್ಟು. ನಿಂಬೆಹಣ್ಣು ಕೊಯ್ದು ತಿಕ್ಕಿಕೊಂಡರೆ ಸಾಲದಾ ಅಂತ ಭಾವನಿಗೆ ಇನ್ನೂ ಸಂಶಯ. ಬಿಸಿಲಿಗೆ ಹೋಗುವ ಮುಂಚೆ ಅದೊಂದು ಮಾತ್ರ ಮಾಡಬಾರದು. ನಿಂಬೆಯ ಸಿಪ್ಪೆಯ ಎಣ್ಣೆ ಮೈಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಕಲೆ ಏಳುತ್ತದೆ.

ಈಡಿಸ್ ದೂರದಿಂದ ಹಾರಿ ಬರುವ ಸೊಳ್ಳೆ ಅಲ್ಲ, ಹತ್ತಿರದಲ್ಲೇ ಎಲ್ಲೋ ಹುಟ್ಟಿರುತ್ತದೆ. ಹುಡುಕಿದೆವು. ಟೆಂಟಿನ ಹಿಂದೆ ಪೊದೆಯಲ್ಲಿ ಯಾರೋ ಎಸೆದ ಹಳೇ ಟಯರು ಸಿಕ್ಕಿತು. ಒಳಗೆ ಮಳೆ ನೀರು, ನೀರಲ್ಲಿ ತಲೆಕೆಳಗಾಗಿ ತೂಗಿಕೊಂಡ ಮರಿಹುಳುಗಳು. ದೊಡ್ಡವಳ ನೆರಳು ಬಿದ್ದ ಕೂಡಲೇ ಎಲ್ಲವೂ ಕೊಕ್ಕೆ ಕೊಕ್ಕೆಯಾಗಿ ಕುಣಿಯುತ್ತ ತಳಕ್ಕೆ ಇಳಿದವು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ಹವೆಯಲ್ಲಿ ವಾರ, ಹತ್ತು ದಿನ ಸಾಕು. ಭಾವ ಟಯರನ್ನು ಎಳೆದು ಒಣ ನೆಲಕ್ಕೆ ತಂದರು. ಆ ನೀರು ಚೆಲ್ಲುವುದು ಒಂದು ಸಾಹಸ. ಯಾವ ಕಡೆ ತಿರುಗಿಸಿದರೂ ಒಳಗಿನ ಸುತ್ತಿನಲ್ಲಿ ನೀರು ಉಳಿದುಬಿಡುತ್ತದೆ. ಕೊನೆಗೆ ಲೋಟದಿಂದ ಮೊಗೆದು ಮೊಗೆದು ಬಿಸಿ ಮಣ್ಣಿಗೆ ಸುರಿದು, ಟಯರನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡೆವು. ಅಲ್ಲೇ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ತುಂಬುತ್ತದೆ.

ಹೊರಡುವ ಹೊತ್ತಿಗೆ ಭಾವ ಕಾರಿನ ಬಾಗಿಲಲ್ಲಿ ಕೂತು ಕಣಕಾಲು ಕೆರೆದುಕೊಳ್ಳುತ್ತಿದ್ದರು. ತಣ್ಣೀರಲ್ಲಿ ಅದ್ದಿದ ಬಟ್ಟೆ ಕೊಟ್ಟು ಒತ್ತಿ ಹಿಡಿಯಲು ಹೇಳಿದೆ, ಕೆರೆದಷ್ಟೂ ಗುಳ್ಳೆ ಉಬ್ಬುತ್ತದೆ. ಎರಡು ನಿಮಿಷ ಒತ್ತಿಕೊಂಡರು. ಆಮೇಲೆ ನಿಧಾನಕ್ಕೆ ಜೇಬಿನಿಂದ ಬಾಟಲಿ ತೆಗೆದರು.

"ಇದಕ್ಕೆ ಲವಂಗದೆಣ್ಣೆ ಹಚ್ಚಬಹುದಾ?"

"ಬೇಡ ಭಾವ."